‘ಕಾಣೆ’ ಎಂಬ ಪದದ ಮರೆಯಲ್ಲಿ

ಹೊರನಾಡಿನ ನಮ್ಮ ಸಂಘಗಳ ವೇದಿಕೆಯಲ್ಲಿ ಕಾರ್ಯಪ್ಪನವರ ಕಥೆ ಕೇಳಿಬರದ ನವೆಂಬರ್ ಅಪರೂಪ. 1965ರ ಯುದ್ಧದ ಕೊನೆಯ ಗಳಿಗೆಯಲ್ಲಿ ಅವರ ಮಗ, ವಾಯುಪಡೆಯ ಪೈಲಟ್ ಕೆ. ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದರು. ವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನರು ಮಗ ಕ್ಷೇಮವೆಂದು ತಿಳಿಸಿದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆಂದು ವಿಶೇಷ ರಿಯಾಯಿತಿ ಬೇಡ ಎಂಬರ್ಥದ ಉತ್ತರ ತಂದೆಯಿಂದ ಹೋಯಿತು. ಇಲ್ಲಿಗೆ ಚಪ್ಪಾಳೆ ಬೀಳುತ್ತದೆ, ನಾನೂ ತಟ್ಟಿದ್ದೇನೆ. ಆದರೆ ಕಥೆಯ ಪೂರ್ವಾರ್ಧವನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ಮಡಿಕೇರಿಯ ಆ ತಂದೆಗೆ ಮಗ ಬದುಕಿದ್ದಾನೆಂಬ ಸುದ್ದಿ ಸಿಕ್ಕಿತು, ಅದೂ ಶತ್ರುರಾಷ್ಟ್ರದ ಅಧ್ಯಕ್ಷರ ಕಡೆಯಿಂದ. ಅಂಥ ಪರಿಚಯವಿಲ್ಲದ ತಂದೆಯರ ಪಾಡೇನು?

ಆರೇ ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಸಂದರ್ಭ ಬಂತು, ಉತ್ತರ ಮಾತ್ರ ಬರಲಿಲ್ಲ. 1971ರ ಯುದ್ಧದಲ್ಲಿ ಕಾಣೆಯಾದವರೆಂದು ಸರ್ಕಾರ ಎಣಿಸುತ್ತ ಬಂದ 54 ಮಂದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ವಾಯುಪಡೆಯವರು. ಅವರಲ್ಲೊಬ್ಬರು ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ ತಾಂಬೆ. ಪತ್ನಿ ದಮಯಂತಿ ತಾಂಬೆ ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಪತ್ರಿಕೆಯೊಂದು ಸೆರೆಸಿಕ್ಕ ಭಾರತೀಯ ಪೈಲಟ್‌ಗಳ ಹೆಸರುಗಳನ್ನು ಅಚ್ಚುಹಾಕಿತು. ಅದರಲ್ಲಿ ‘ಟೋಂಬೆ’ ಎಂಬ ಹೆಸರಿತ್ತು. ಒಂದಕ್ಷರದ ವ್ಯತ್ಯಾಸ. ಆ ಅಕ್ಷರವನ್ನು ಹಿಡಿದು ಒಬ್ಬ ಹೆಣ್ಣುಮಗಳು ದಶಕಗಳ ಕಾಲ ದೆಹಲಿಯ ಕಚೇರಿಗಳ ಮೆಟ್ಟಿಲು ಹತ್ತಿಳಿದರು.

1949ರ ಜಿನೀವಾ ಒಪ್ಪಂದ ಈ ವಿಷಯದಲ್ಲಿ ನಿಚ್ಚಳವಾಗಿದೆ. ಸೆರೆಯಾದವನು ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯಲು ಅವಕಾಶ ಕೊಡಬೇಕು. ಹಿಡಿದ ದೇಶ ಹೆಸರನ್ನು ತಿಳಿಸಬೇಕು. ಪಾಕಿಸ್ತಾನ ಅದನ್ನು ಪಾಲಿಸಿತೇ ಎಂಬ ಜಗಳ ಬೇರೆ, ಅದನ್ನು ಆಡಲು ನಮ್ಮಲ್ಲಿ ಬೇಕಾದಷ್ಟು ಟಿವಿ ವೀರರಿದ್ದಾರೆ. ನನ್ನ ಜಗಳ ನಮ್ಮ ಮನೆಯೊಳಗಿನದು. 1972ರ ಡಿಸೆಂಬರ್‌ನಲ್ಲಿ ನಮ್ಮ ಯುದ್ಧಕೈದಿಗಳು ವಾಘಾ ದಾಟಿ ಬಂದರು. ನಮ್ಮ ವಶದಲ್ಲಿದ್ದ ಸುಮಾರು 93,000 ಪಾಕಿಸ್ತಾನೀಯರ ಬಿಡುಗಡೆಗೆ 1973ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಬಾರದೆ ಉಳಿದವರ ಮನೆಗಳಿಗೆ, ನಿಮ್ಮವನ ಬಗ್ಗೆ ನಮಗೆ ತಿಳಿದದ್ದು ಇಷ್ಟು, ತಿಳಿಯದ್ದು ಇಷ್ಟು ಎಂದು ಎದುರು ಕುಳಿತು ಹೇಳುವ ಕೆಲಸವನ್ನು ಆಗಲೇ ಮಾಡಬೇಕಿತ್ತು.

ಆದದ್ದು ಬೇರೆ. 1979ರಲ್ಲಿ ಸರ್ಕಾರವೇ ಲೋಕಸಭೆಯಲ್ಲಿ, ಪಾಕಿಸ್ತಾನದ ಸೆರೆಮನೆಗಳಲ್ಲಿದ್ದಾರೆಂದು ನಲವತ್ತು ಹೆಸರುಗಳ ಪಟ್ಟಿ ಇಟ್ಟಿತು. 2007ರಲ್ಲಿ ಕುಟುಂಬದವರ ತಂಡವೊಂದು, ದಮಯಂತಿಯವರೂ ಸೇರಿ, ಅಲ್ಲಿನ ಜೈಲುಗಳನ್ನು ಸುತ್ತಿ ಬರಿಗೈಯಲ್ಲಿ ಮರಳಿತು. 2015ರಲ್ಲಿ ಸುಪ್ರೀಂ ಕೋರ್ಟು ಕೇಳಿದಾಗ ಸರ್ಕಾರದ ವಕೀಲರು, ಗೊತ್ತಿಲ್ಲ, ಸತ್ತಿರಬಹುದೆಂದು ಭಾವಿಸಿದ್ದೇವೆ ಎಂದರು. ಬದುಕಿದ್ದಾರೆ ಎಂದಾಗ ಆಧಾರವೇನಿತ್ತು? ಸತ್ತಿರಬಹುದು ಎಂದಾಗ ಆ ಆಧಾರಕ್ಕೆ ಏನಾಯಿತು? ನಲವತ್ತನಾಲ್ಕು ವರ್ಷಗಳ ಮೇಲೆ ಸಾವಿನ ಸುದ್ದಿ, ಅದೂ ‘ಬಹುದು’ ಎಂಬ ಪ್ರತ್ಯಯದೊಂದಿಗೆ, ನ್ಯಾಯಾಧೀಶರನ್ನು ಉದ್ದೇಶಿಸಿ ಹೇಳಿದ್ದು.

ಆಸೆಯನ್ನು ಕೊಲ್ಲಬಾರದು, ಸುಮ್ಮನಿರುವುದೇ ಕರುಣೆ ಎನ್ನುವವರಿದ್ದಾರೆ. ನಮ್ಮ ಬಳಗದಲ್ಲೂ ಈ ಮಾತು ಬಂದಿದೆ. ಇದನ್ನು ಹೇಳುವವರು ಆ ಮನೆಯ ಪಂಚಾಂಗವನ್ನೊಮ್ಮೆ ನೋಡಲಿ. ಯಾವ ತಿಥಿಯಲ್ಲಿ ಎಳ್ಳುನೀರು ಬಿಡಬೇಕು? ಬಿಡಬಹುದೇ? ಹಣೆಯ ಕುಂಕುಮಕ್ಕೆ ಯಾರ ಅಪ್ಪಣೆ ಬೇಕು? ದೂರ ಹೋದವನ ಸುದ್ದಿ ಹನ್ನೆರಡು ವರ್ಷ ಬಾರದಿದ್ದರೆ ದರ್ಭೆಯ ಪ್ರತಿಕೃತಿ ಮಾಡಿ ದಹಿಸುವ ವಿಧಿಯನ್ನು ಶಾಸ್ತ್ರಕಾರರು ಹೇಳಿದರು. 1872ರ ಸಾಕ್ಷ್ಯ ಕಾಯ್ದೆ ಏಳು ವರ್ಷ ಎಂದಿತು. ಅವರವರ ಕಾಲದ ಮಟ್ಟಿಗೆ ಇಬ್ಬರೂ, ಕಾಯುವಿಕೆಗೆ ಒಂದು ಗಡಿ ಬೇಕೆಂದು ಅರಿತಿದ್ದರು. ಸಚಿವಾಲಯದ ಕಡತಕ್ಕೆ ಮಾತ್ರ ಗಡಿಯಿಲ್ಲ.

ತಿಳಿಯದ್ದನ್ನು ಸರ್ಕಾರ ಹೇಗೆ ತಿಳಿಸೀತು ಎಂಬ ಇನ್ನೊಂದು ವಾದಕ್ಕೆ ಬ್ರಿಟಿಷರ ಉದಾಹರಣೆ ಸಾಕು. (ಅವರನ್ನು ಹೊಗಳುವ ಚಟ ನನಗಿಲ್ಲ.) ಎರಡನೆಯ ಮಹಾಯುದ್ಧ ಮುಗಿದಾಗ ಸುಮಾರು 42,000 ವಾಯುಯೋಧರ ಸುಳಿವಿರಲಿಲ್ಲ. ರಾಯಲ್ ಏರ್ ಫೋರ್ಸ್ ಅದಕ್ಕೆಂದೇ ಒಂದು ಶೋಧಕ ವಿಭಾಗವನ್ನು ಕಟ್ಟಿತು. ಅದರ ಅಧಿಕಾರಿಗಳು ಯೂರೋಪಿನ ಹಳ್ಳಿಹಳ್ಳಿ ತಿರುಗಿ, ಊರವರು ಹೂತಿದ್ದ ಹೆಸರಿಲ್ಲದ ಗೋರಿಗಳನ್ನು ಅಗೆಸಿ, ಬಟ್ಟೆಯ ಮೇಲಿನ ಧೋಬಿ ಗುರುತು, ಉಂಗುರ, ಎಂಜಿನ್ನಿನ ಸಂಖ್ಯೆ ನೋಡಿ ಅರ್ಧಕ್ಕೂ ಹೆಚ್ಚು ಮಂದಿಯ ಗತಿಯನ್ನು ನಿರ್ಣಯಿಸಿದರು. ಉಳಿದವರ ಹೆಸರು ಸ್ಮಾರಕದ ಕಲ್ಲಿನ ಮೇಲೆ ಕೆತ್ತಿಸಲ್ಪಟ್ಟಿತು. ಅದಾದರೂ ಒಂದು ಉತ್ತರವೇ.

ನಮ್ಮ ಬೇಡಿಕೆ ಇದಕ್ಕಿಂತ ಚಿಕ್ಕದು. ಆ 54 ಮನೆಗಳಿಗೆ ಕಡತವನ್ನು ತೆರೆದು ತೋರಿಸಿ: ಕೊನೆಯ ಹಾರಾಟದ ವರದಿ, ಜೊತೆಗಾರ ಕಂಡದ್ದು, 1979ರ ಪಟ್ಟಿಯ ಮೂಲ, 2015ರ ಊಹೆಯ ಕಾರಣ. ಎಲ್ಲ ದಾಖಲೆಗಳೂ ರಾಷ್ಟ್ರರಕ್ಷಣೆಯ ಗುಟ್ಟುಗಳೆಂದರೆ ನಂಬುವುದು ಕಷ್ಟ, ಆ ವಿಮಾನಗಳೇ ಇಂದು ವಸ್ತುಸಂಗ್ರಹಾಲಯ ಸೇರಿವೆ. ಕಾಯುತ್ತಿದ್ದ ತಂದೆತಾಯಿಗಳಲ್ಲಿ ಹೆಚ್ಚಿನವರು ಈಗಾಗಲೇ ತೀರಿಕೊಂಡಿದ್ದಾರೆ. ಪತ್ನಿಯರಿಗೆ ಎಪ್ಪತ್ತು ದಾಟಿದೆ. ಮುಂದಿನ ನವೆಂಬರ್‌ನಲ್ಲಿ ಕಾರ್ಯಪ್ಪನವರ ಕಥೆ ಹೇಳುವ ಭಾಷಣಕಾರರು ಎರಡು ನಿಮಿಷ ಹೆಚ್ಚು ತೆಗೆದುಕೊಂಡು ಈ ಪಟ್ಟಿಯ ಹೆಸರುಗಳನ್ನೂ ಓದಲಿ. ಚಪ್ಪಾಳೆ ಬೇಡ.