ಪ್ರೋಗ್ರಾಮಿಂಗ್ ಪುಸ್ತಕ ಆರಿಸಿಕೊಡುವವರು ಯಾರು?

ವಿಟಿಯು ಪಠ್ಯಕ್ರಮದಲ್ಲಿ ಪ್ರತಿ ವಿಷಯದ ಕೊನೆಗೂ ಪುಸ್ತಕಗಳದೊಂದು ಪಟ್ಟಿ ಇರುತ್ತದೆ. ಲೇಖಕರ ಹೆಸರು, ಪ್ರಕಾಶನ, ಆವೃತ್ತಿ, ವರ್ಷ ಎಲ್ಲವೂ ಅಚ್ಚುಕಟ್ಟು. ಯಾವುದನ್ನು ಮೊದಲು ಹಿಡಿಯಬೇಕು, ಯಾವುದು ಹೊಸಬರಿಗೆ, ಯಾವುದನ್ನು ಕಪಾಟಿನಲ್ಲಿಟ್ಟು ಬೇಕಾದಾಗ ತೆಗೆದು ನೋಡಿದರೆ ಸಾಕು ಎಂಬುದನ್ನು ಮಾತ್ರ ಆ ಪಟ್ಟಿ ಹೇಳುವುದಿಲ್ಲ. ತಿಕೋಟಾದಿಂದ ಅಥಣಿ ರಸ್ತೆಯ ಬಸ್ಸಿನಲ್ಲೊ ಬಬಲೇಶ್ವರದಿಂದ ಜಮಖಂಡಿ ರಸ್ತೆಯ ಬಸ್ಸಿನಲ್ಲೊ ವಿಜಯಪುರಕ್ಕೆ ಬಂದು ಎಂಜಿನಿಯರಿಂಗ್ ಸೇರಿದ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಮನೆಯಲ್ಲಿ ಇರುವುದು ಅಪರೂಪ. ಸೀನಿಯರ್ ಕೊಟ್ಟ ಹಳೆ ಪುಸ್ತಕ, ಝೆರಾಕ್ಸ್ ಅಂಗಡಿಯ ನೋಟ್ಸ್, ಮೊಬೈಲಿಗೆ ಬಂದ ಪಿಡಿಎಫ್: ಕೈಗೆ ಸಿಕ್ಕಿದ್ದೇ ಆಯ್ಕೆಯಾಗುತ್ತದೆ. ಅದಕ್ಕೆ ವಿದ್ಯಾರ್ಥಿ ಮುಂದೆ ತೆರುವ ಬೆಲೆ ದೊಡ್ಡದು.

ಪರೀಕ್ಷೆಯ ಸ್ವರೂಪವೂ ಇದಕ್ಕೆ ಒತ್ತಾಸೆ. ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದಕ್ಕೆ ಉತ್ತರ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಿಂದ ಹೊಸೆದ ‘ಪಾಸಿಂಗ್ ಪ್ಯಾಕೇಜ್’ ಓದಿದರೆ ದಡ ಸೇರಬಹುದು. ಲ್ಯಾಬಿನ ಪ್ರೋಗ್ರಾಂಗಳೂ ಮೊದಲೇ ಗೊತ್ತಿರುತ್ತವೆ, ಬಾಯಿಪಾಠ ಮಾಡಿದರೆ ಆಯಿತು. ಹೀಗಾಗಿ ಸ್ವಂತದ್ದೊಂದು ಪ್ರೋಗ್ರಾಂ ಬರೆಯದೆಯೇ ಸಿ ಭಾಷೆಯ ವಿಷಯದಲ್ಲಿ ಪಾಸಾಗಲು ಸಾಧ್ಯವಿದೆ. ಏಟು ಬೀಳುವುದು ಮೂರನೇ ಸೆಮಿಸ್ಟರಿನಲ್ಲಿ, ಡೇಟಾ ಸ್ಟ್ರಕ್ಚರ್ಸ್ ಶುರುವಾದಾಗ. ಅಲ್ಲಿ ಪಾಯಿಂಟರ್ ಗೊತ್ತಿದೆ ಎಂದು ಮೇಷ್ಟ್ರು ಭಾವಿಸಿರುತ್ತಾರೆ. ವಿದ್ಯಾರ್ಥಿಗೆ ಪಾಯಿಂಟರಿನ ವ್ಯಾಖ್ಯೆ ಮಾತ್ರ ಗೊತ್ತಿರುತ್ತದೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಈ ಸೆಮಿಸ್ಟರಿಗೇ ಬರುವವರ ಪಾಡು ಇನ್ನೂ ಕಷ್ಟದ್ದು, ಅವರಿಗೆ ಮೊದಲ ವರ್ಷದ ಸಿ ಪುಸ್ತಕದ ಪರಿಚಯವೂ ಇರುವುದಿಲ್ಲ.

ಆದಕಾರಣ ಪ್ರೋಗ್ರಾಮಿಂಗ್ ಪುಸ್ತಕವನ್ನು ಕೊನೆಯಿಂದ ತೆರೆದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಪಠ್ಯಕ್ರಮದ ಎಷ್ಟು ಭಾಗ ಅದರಲ್ಲಿದೆ ಎಂಬ ಲೆಕ್ಕ ಆಮೇಲೆ. ಪ್ರತಿ ಅಧ್ಯಾಯ ಮುಗಿದ ಮೇಲೆ ಅದು ಓದುಗನಿಂದ ಏನು ಮಾಡಿಸುತ್ತದೆ ಎಂಬುದು ಮೊದಲು. ‘ಇಂಥದನ್ನು ವಿವರಿಸಿ, ಅಂಥದರ ವ್ಯತ್ಯಾಸ ತಿಳಿಸಿ’ ಎಂಬ ಪ್ರಶ್ನೆಗಳಷ್ಟೇ ಇದ್ದರೆ ಅದು ಪರೀಕ್ಷೆಗಾಗಿ ಬರೆದ ಪುಸ್ತಕ. ‘ಈ ಪ್ರೋಗ್ರಾಂ ಬರೆಯಿರಿ, ಈಗ ಅದನ್ನು ಹೀಗೆ ಬದಲಿಸಿ, ಈ ಅಂಕಿ ಕೊಟ್ಟಾಗ ಯಾಕೆ ತಪ್ಪುತ್ತದೆ ನೋಡಿ’ ಎಂದು ಕೇಳುವ ಪುಸ್ತಕ ಕಲಿಸುತ್ತದೆ. ಇನ್ನೊಂದು ಬಗೆಯ ಪ್ರಶ್ನೆಯೂ ಉಂಟು. ಐ ಎಂಬ ವೇರಿಯಬಲ್ಲಿಗೆ ಒಂದೇ ಸಾಲಿನಲ್ಲಿ ಹಿಂದೊಮ್ಮೆ ಮುಂದೊಮ್ಮೆ ಎರಡು ಪ್ಲಸ್ ಹಚ್ಚಿ ಔಟ್‌ಪುಟ್ ಎಷ್ಟು ಎಂದು ಕೇಳುವ ಒಗಟು. ಇಂಥ ಸಾಲಿಗೆ ಇದೇ ಉತ್ತರ ಎಂದು ಸಿ ಭಾಷೆಯ ಅಧಿಕೃತ ನಿಯಮಾವಳಿ ಎಲ್ಲೂ ಗೊತ್ತುಮಾಡಿಲ್ಲ. ಒಂದು ಕಂಪೈಲರ್ ಒಂದು ಉತ್ತರ ಕೊಟ್ಟೀತು, ಇನ್ನೊಂದು ಬೇರೆಯದನ್ನು ಕೊಟ್ಟೀತು, ಎರಡೂ ತಪ್ಪಲ್ಲ. ಅದಕ್ಕೊಂದು ಖಚಿತ ಉತ್ತರ ಅಚ್ಚು ಹಾಕಿದ ಪುಸ್ತಕವನ್ನು ಅಲ್ಲಿಯೇ ಮುಚ್ಚಿಡಬಹುದು.

ಹಳೆ ಪುಸ್ತಕಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಯಿಂದ ಕೈಗೆ ದಾಟುವ ಸಿ ಪುಸ್ತಕಗಳಲ್ಲಿ ಹಲವು ಟರ್ಬೊ ಸಿ ಕಾಲದವು. ಟರ್ಬೊ ಸಿ ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದ, ಡಾಸ್ ಯಂತ್ರಗಳಿಗೆ ಮಾಡಿದ ಕಂಪೈಲರ್. ಅದರಲ್ಲಿ ಪೂರ್ಣಾಂಕಕ್ಕೆ ಸಿಗುತ್ತಿದ್ದ ಜಾಗ ಎರಡು ಬೈಟ್; 32,767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸದು. ತಿಕೋಟಾದ ರೈತರೊಬ್ಬರ ಒಣದ್ರಾಕ್ಷಿಯ 40,000 ರೂಪಾಯಿ ಪಟ್ಟಿಯನ್ನು ಅಂಥ ವೇರಿಯಬಲ್ಲಿಗೆ ತುಂಬಿದರೆ ತೆರೆಯ ಮೇಲೆ ಕಾಣುವುದು ಮೈನಸ್ 25,536. ಇಂದಿನ ಲಿನಕ್ಸ್ ಯಂತ್ರದ ಜಿಸಿಸಿಯಲ್ಲಿ ಅದೇ ಪೂರ್ಣಾಂಕಕ್ಕೆ ನಾಲ್ಕು ಬೈಟ್, ಇನ್ನೂರು ಕೋಟಿ ದಾಟಿಯೂ ಹಿಡಿಸುತ್ತದೆ. ಪುಸ್ತಕದಲ್ಲಿ ಒಂದು, ಯಂತ್ರದಲ್ಲಿ ಇನ್ನೊಂದು. ಹಳೆ ಪುಸ್ತಕದ ಕಾನಿಯೊ ಡಾಟ್ ಎಚ್ ಎಂಬ ಫೈಲು ಲಿನಕ್ಸಿನ ಈ ಕಂಪೈಲರಿಗೆ ಸಿಗುವುದೇ ಇಲ್ಲ, ಮೊದಲ ಸಾಲಿಗೇ ಎರರ್. ಪುಸ್ತಕದಲ್ಲಿದ್ದದ್ದನ್ನು ಅಕ್ಷರ ತಪ್ಪದೆ ಬರೆದರೂ ಓಡದಿದ್ದಾಗ ಮೊದಲ ವರ್ಷದ ವಿದ್ಯಾರ್ಥಿ ಪುಸ್ತಕದ ಮೇಲೆ ಸಂಶಯಪಡುವುದಿಲ್ಲ, ತನ್ನ ಬುದ್ಧಿಯ ಮೇಲೆ ಸಂಶಯಪಡುತ್ತಾನೆ. ನನಗೆ ಬಹಳ ಸಂಕಟವಾಗುವುದು ಇಲ್ಲಿಯೇ.

ಗೆಟ್ಸ್ ಎಂಬ ಫಂಕ್ಷನ್ನಿನ ಕಥೆ ಇದಕ್ಕಿಂತ ಗಂಭೀರ. ಕೀಬೋರ್ಡಿನಿಂದ ಒಂದು ಸಾಲು ಓದಿಕೊಳ್ಳಲು ಹಳೆ ಪುಸ್ತಕಗಳು ಇದನ್ನೇ ಹೇಳಿಕೊಡುತ್ತವೆ. ಬರುವ ಸಾಲು ತಾನು ಇಟ್ಟ ಜಾಗಕ್ಕಿಂತ ಉದ್ದವಾಗಿದೆಯೇ ಎಂದು ಅದು ನೋಡುವುದಿಲ್ಲ. ಪಕ್ಕದ ಮೆಮೊರಿಯ ಮೇಲೂ ಬರೆದುಬಿಡುತ್ತದೆ. 1988ರ ನವೆಂಬರಿನಲ್ಲಿ ಇಂಟರ್ನೆಟ್ಟಿನಲ್ಲಿ ಹಬ್ಬಿದ ‘ಮಾರಿಸ್ ವರ್ಮ್’ ಯಂತ್ರಗಳ ಒಳಹೊಕ್ಕ ದಾರಿಗಳಲ್ಲಿ ಒಂದು ಇದೇ ಫಂಕ್ಷನ್. ಕೊನೆಗೆ 2011ರ ಸಿ ನಿಯಮಾವಳಿಯಿಂದ ಅದನ್ನು ತೆಗೆದೇ ಹಾಕಿದರು. ಪುಸ್ತಕ ಕೈಗೆ ಬಂದರೆ ಸ್ಟ್ರಿಂಗ್‌ಗಳ ಅಧ್ಯಾಯ ತೆರೆದು, ಅಲ್ಲಿ ಗೆಟ್ಸ್ ಇದೆಯೋ, ಅದರ ಬದಲು ಎಫ್‌ಗೆಟ್ಸ್ ಇದೆಯೋ ನೋಡಿದರೆ ಆ ಆವೃತ್ತಿಯ ವಯಸ್ಸು ತಿಳಿಯುತ್ತದೆ.

ಹಾಗೆಂದು ಹಳೆಯದೆಲ್ಲ ಕೆಟ್ಟದ್ದಲ್ಲ. ಬ್ರಯಾನ್ ಕರ್ನಿಗಾನ್ ಮತ್ತು ಡೆನಿಸ್ ರಿಚಿ ಬರೆದ ಸಿ ಪುಸ್ತಕದ ಮೊದಲ ಮುದ್ರಣ 1978ರದು, ಎರಡನೇ ಆವೃತ್ತಿ 1988ರದು. ಮುನ್ನೂರು ಪುಟವೂ ಇಲ್ಲದ ಆ ಪುಸ್ತಕದ ಅಭ್ಯಾಸ ಪ್ರಶ್ನೆಗಳು ಇಂದಿಗೂ ಮನಸ್ಸನ್ನು ಹದಗೊಳಿಸುತ್ತವೆ. ಆದರೆ ಪ್ರೋಗ್ರಾಮಿಂಗ್ ಎಂದರೇನು ಎಂದು ತಿಳಿಯದವರಿಗೆ ಬರೆದದ್ದಲ್ಲ ಅದು. ಹಾಗೆಂದು ಲೇಖಕರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ‘ಸಿ ಕಲಿಯಬೇಕಾದರೆ ಇದನ್ನೇ ಓದು’ ಎಂದು ಮೊದಲ ಸೆಮಿಸ್ಟರಿನವರ ಕೈಗೆ ಅದನ್ನು ಕೊಡುವುದು ಸರಿಯಲ್ಲ. ಮೂರನೇ ಸೆಮಿಸ್ಟರಿನ ಹೊತ್ತಿಗೆ ಕೊಟ್ಟರೆ ಅದರಂಥದು ಇನ್ನೊಂದಿಲ್ಲ. ಕೆ.ಎನ್. ಕಿಂಗ್ ಅವರ ಪುಸ್ತಕ ಗಾತ್ರದಲ್ಲಿ ದೊಡ್ಡದು, ಆದರೆ ತಾಳ್ಮೆಯಿಂದ ಕೈಹಿಡಿದು ನಡೆಸುತ್ತದೆ. ಅಧ್ಯಾಯದ ಕೊನೆಯ ಪ್ರಾಜೆಕ್ಟುಗಳೇ ಅದರ ಜೀವ. ಬಾಲಗುರುಸಾಮಿ, ಯಶವಂತ ಕಾನೇಟ್ಕರ್ ಅವರ ಪುಸ್ತಕಗಳನ್ನು ಹಗುರವಾಗಿ ನೋಡುವ ಚಾಳಿಯೊಂದು ನಮ್ಮಲ್ಲಿದೆ. ಅದು ಅನ್ಯಾಯ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅರ್ಥವಾಗುವಂಥ ಸಣ್ಣ ವಾಕ್ಯಗಳ ಇಂಗ್ಲಿಷಿನಲ್ಲಿ ಅವರು ಬರೆದರು. ಆ ಉಪಕಾರ ಸಣ್ಣದಲ್ಲ. ಅವರ ಪುಸ್ತಕ ಕೊಳ್ಳುವಾಗ ಹೊಸ ಆವೃತ್ತಿಯನ್ನೇ ಕೊಳ್ಳಬೇಕು, ಅಷ್ಟೆ. ಸಾವಿರ ಪುಟ ಮೀರಿದ ‘ಕಂಪ್ಲೀಟ್ ರೆಫರೆನ್ಸ್’ ಜಾತಿಯವು ಗ್ರಂಥಾಲಯದಲ್ಲಿರಲಿ. ಮನೆಯವರ ದುಡ್ಡು ಅವಕ್ಕೆ ಹೋಗುವುದು ಬೇಡ.

ಪೈಥಾನ್ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿದೆ. ವಿಟಿಯು ಪೈಥಾನ್ ಪಠ್ಯಕ್ರಮಗಳಲ್ಲಿ ಹೆಸರಿಸಿರುವ ಎರಡು ಪುಸ್ತಕಗಳು, ಅಲ್ ಸ್ವೈಗಾರ್ಟ್ ಅವರ ‘ಆಟೊಮೇಟ್ ದಿ ಬೋರಿಂಗ್ ಸ್ಟಫ್ ವಿತ್ ಪೈಥಾನ್’ ಮತ್ತು ಅಲೆನ್ ಡೌನಿ ಅವರ ‘ಥಿಂಕ್ ಪೈಥಾನ್’, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಲೇಖಕರೇ ಜಾಲತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಕದ್ದ ಪಿಡಿಎಫ್ ಹುಡುಕುವ ಅಗತ್ಯವೇ ಇಲ್ಲ, ಆದರೂ ವಿದ್ಯಾರ್ಥಿಗಳು ಇವುಗಳ ನೋಟ್ಸನ್ನು ದುಡ್ಡು ಕೊಟ್ಟು ಝೆರಾಕ್ಸ್ ಮಾಡಿಸುತ್ತಾರೆ. ಸ್ವೈಗಾರ್ಟ್ ಪುಸ್ತಕದ ಗುಣ ನಮ್ಮ ಕಡೆಯವರಿಗೆ ಚೆನ್ನಾಗಿ ಒಪ್ಪುತ್ತದೆ. ಎಕ್ಸೆಲ್ ಹಾಳೆಗಳನ್ನು ಓದಿ ಲೆಕ್ಕ ಹಾಕುವುದು, ಫೈಲುಗಳ ರಾಶಿಗೆ ಒಮ್ಮೆಗೇ ಹೆಸರು ಬದಲಿಸುವುದು, ಇಂಥ ನಿತ್ಯದ ಕೆಲಸಗಳ ಮೂಲಕವೇ ಅದು ಕಲಿಸುತ್ತದೆ. ತಾಸಗಾಂವ ಮಾರ್ಕೆಟ್ಟಿಗೆ ಒಣದ್ರಾಕ್ಷಿ ಕಳಿಸುವ ಮನೆಯ ಹುಡುಗಿ ಬಾಕ್ಸಿನ ಲೆಕ್ಕ, ದರ, ಬಾಡಿಗೆ, ದಲಾಲಿ ಕಳೆದು ಕೈಗೆ ಬಂದದ್ದೆಷ್ಟು ಎಂಬ ಪ್ರೋಗ್ರಾಂ ಬರೆದರೆ ಅದು ಯಾವ ಲ್ಯಾಬ್ ಮ್ಯಾನುಯಲ್ಲಿಗೂ ಕಡಿಮೆಯಲ್ಲ. ಉತ್ತರ ಸರಿಯೋ ತಪ್ಪೋ ಎಂದು ಅವಳ ಅಪ್ಪನೇ ಹೇಳಬಲ್ಲರು.

ಪುಸ್ತಕ ನಿಜಕ್ಕೂ ಕಲಿಸಿತೇ ಎಂದು ತಿಳಿಯಲು ನಾನು ಸೂಚಿಸುವ ಪರೀಕ್ಷೆ ಒಂದಿದೆ. ‘ಅಥಣಿ’ ಎಂಬ ಹೆಸರಿನ ಉದ್ದವನ್ನು ಕಂಪ್ಯೂಟರಿಗೆ ಕೇಳಿ. ನಾವು ಎಣಿಸಿದರೆ ಮೂರು ಅಕ್ಷರ. ಪೈಥಾನ್ ನಾಲ್ಕು ಎನ್ನುತ್ತದೆ, ಏಕೆಂದರೆ ಯೂನಿಕೋಡಿನಲ್ಲಿ ‘ಣ’ ಮತ್ತು ಅದರ ಗುಡಿಸು ಬೇರೆ ಬೇರೆ ಸಂಕೇತಗಳು. ಸಿ ಭಾಷೆಯ ಎಸ್‌ಟಿಆರ್‌ಲೆನ್ ಹನ್ನೆರಡು ಎನ್ನುತ್ತದೆ; ಅದು ಎಣಿಸುವುದು ಬೈಟುಗಳನ್ನು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಕರ್ನಿಗಾನ್–ರಿಚಿ ಪುಸ್ತಕದಲ್ಲಿ ಇದು ಇರಲಾರದು, ಯುಟಿಎಫ್-8 ಹುಟ್ಟಿದ್ದೇ 1992ರಲ್ಲಿ. ಆದರೆ ಸ್ಟ್ರಿಂಗ್ ಬಗ್ಗೆ ಅದು ಹೇಳಿದ್ದನ್ನು ಸರಿಯಾಗಿ ಜೀರ್ಣಿಸಿಕೊಂಡವರು ಹನ್ನೆರಡು ಯಾಕೆ ಬಂತು ಎಂದು ತಾವೇ ಯೋಚಿಸಿ ಹೇಳಬಲ್ಲರು. ನೋಟ್ಸ್ ಓದಿದವರು ಹೇಳಲಾರರು.

‘ಈಗ ಚಾಟ್‌ಜಿಪಿಟಿ ಇದೆ, ಪುಸ್ತಕ ಯಾತಕ್ಕೆ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳಿದರೆ ಅದು ಪ್ರೋಗ್ರಾಂ ಬರೆದು ಕೊಡುತ್ತದೆ, ನಿಜ. ಕೊಟ್ಟದ್ದು ಸರಿಯೇ ಎಂದು ನೋಡುವ ಕಣ್ಣು ಬರುವುದು ತಾನೇ ಬರೆದು, ಎರರ್ ತಿಂದು, ತಿದ್ದಿದ ಮೇಲೆ. ಪುಸ್ತಕದ ಅಭ್ಯಾಸ ಪ್ರಶ್ನೆಗಳನ್ನೇ ಅದಕ್ಕೆ ಹಾಕಿ ಉತ್ತರ ತೆಗೆದರೆ ಪುಸ್ತಕವೂ ವ್ಯರ್ಥ. ತಾನು ಬರೆದ ಪ್ರೋಗ್ರಾಂ ಯಾಕೆ ಓಡಲಿಲ್ಲ ಎಂದು ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳಲು ಬಳಸಿದರೆ ಪ್ರಯೋಜನವಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸಿ ಸೇರಿದಂತೆ ಹಲವು ಪಾಠಗಳು ಕನ್ನಡ ಧ್ವನಿಯಲ್ಲಿವೆ. ನೋಡುತ್ತ ಜೊತೆಜೊತೆಗೇ ಮಾಡುವಂತೆ ರೂಪಿಸಿದ ಕಿರು ಪಾಠಗಳವು. ಪುಸ್ತಕದ ಅಧ್ಯಾಯ ಓದುವ ಮೊದಲು ಒಂದು ಪಾಠ ನೋಡಿದರೆ ಇಂಗ್ಲಿಷಿನ ಭಯ ಅರ್ಧ ಇಳಿಯುತ್ತದೆ.

ಇಷ್ಟೆಲ್ಲ ತೂಗಿ ನೋಡುವ ಹೊಣೆ ಹದಿನೆಂಟರ ವಿದ್ಯಾರ್ಥಿಯದಾಗಬಾರದು. ಅದು ಕಾಲೇಜಿನ ವಿಭಾಗದ ಕೆಲಸ. ವಿಜಯಪುರದಲ್ಲಿ 1980ರಲ್ಲಿ ಆರಂಭವಾದ ಬಿಎಲ್‌ಡಿಇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜಿಗೆ ಫ.ಗು. ಹಳಕಟ್ಟಿಯವರ ಹೆಸರಿದೆ. ವಕೀಲರಾಗಿದ್ದ ಅವರು ವಚನಗಳ ಓಲೆಗರಿಗಳನ್ನು ಹುಡುಕಿ ತಂದು, ಓದಿ, ಪಾಠ ಹೋಲಿಸಿ, ವಿಂಗಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಜನರ ಕೈಗಿತ್ತರು, ಮುದ್ರಣಾಲಯಕ್ಕಾಗಿ ಮನೆ ಮಾರಿದರು. ರಾಶಿಯೊಳಗಿಂದ ಆರಿಸಿಕೊಡುವುದು ಕೂಡ ವಿದ್ಯೆಯ ಕೆಲಸವೆಂದು ತೋರಿಸಿಕೊಟ್ಟವರು ಅವರು. ಆ ಊರಿನ ಕಾಲೇಜುಗಳ ಅಧ್ಯಾಪಕರು ಪ್ರತಿ ವರ್ಷ ಒಂದು ಪುಟದ ಟಿಪ್ಪಣಿ ಬರೆಯುವುದು ಕಷ್ಟವಲ್ಲ: ಹೊಸಬರಿಗೆ ಈ ಪುಸ್ತಕ, ಈ ಆವೃತ್ತಿ, ಈ ಅಧ್ಯಾಯಗಳು, ಈ ಅಭ್ಯಾಸಗಳು, ಇಂಥದ್ದು ಬೇಡ, ಕಾರಣ ಇದು. ಕೆಳಗೆ ಬರೆದವರ ಹೆಸರಿರಬೇಕು. ಹೆಸರು ಹಾಕಬೇಕೆಂದರೆ ಪುಸ್ತಕವನ್ನು ಓದಲೇಬೇಕಾಗುತ್ತದೆ.

ಇನ್ನೊಂದು ಕೆಲಸಕ್ಕೆ ಅಥಣಿ ರಸ್ತೆಯಲ್ಲೇ ಜಾಗವಿದೆ. ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೂ ಇದೆ, ಕಂಪ್ಯೂಟರ್ ವಿಜ್ಞಾನ ವಿಭಾಗವೂ ಇದೆ. ಎಐಸಿಟಿಇ ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ತಾಂತ್ರಿಕ ಪಠ್ಯಪುಸ್ತಕಗಳನ್ನು ತಂದಿದೆ, ಅವು ಉಚಿತವಾಗಿ ಸಿಗುತ್ತವೆ. ಆದರೆ ಪಠ್ಯಪುಸ್ತಕದ ಕನ್ನಡ ಬೇರೆ, ಪಕ್ಕದಲ್ಲಿ ಕೂತು ಹೇಳಿಕೊಡುವ ಕನ್ನಡ ಬೇರೆ. ಸ್ವೈಗಾರ್ಟ್ ಪುಸ್ತಕದ ಪರವಾನಗಿ ಮೂಲ ಲೇಖಕರ ಹೆಸರಿಟ್ಟು, ಮಾರಾಟ ಮಾಡದೆ, ಅದೇ ಷರತ್ತಿನಲ್ಲಿ ಹಂಚುವ ಅನುವಾದಕ್ಕೆ ಅವಕಾಶ ಕೊಡುತ್ತದೆ. ಬುನಾದಿಯ ಮೊದಲ ಆರು ಅಧ್ಯಾಯಗಳನ್ನು ಎರಡೂ ವಿಭಾಗಗಳ ವಿದ್ಯಾರ್ಥಿನಿಯರು ಕೂಡಿ ಕನ್ನಡಕ್ಕೆ ತರಲಿ. ವೇರಿಯಬಲ್, ಲೂಪ್, ಲಿಸ್ಟ್ ಹಾಗೆಯೇ ಇರಲಿ, ವಿವರಣೆ ಮಾತ್ರ ನಮ್ಮ ಮಾತಿನಲ್ಲಿರಲಿ. ಉದಾಹರಣೆಗಳಲ್ಲಿ ಡಾಲರಿನ ಬದಲು ದ್ರಾಕ್ಷಿಯ ಲೆಕ್ಕ ಬರಲಿ. ಕರಡನ್ನು ಅಚ್ಚಿಗೆ ಕೊಡುವ ಮೊದಲು ತಿಕೋಟಾ, ಬಬಲೇಶ್ವರದ ಕನ್ನಡ ಮಾಧ್ಯಮದಿಂದ ಬಂದ ಮೊದಲ ವರ್ಷದ ಕೆಲವರಿಗೆ ಕೊಟ್ಟು ಓದಿಸಿ, ಅವರು ಎಲ್ಲಿ ನಿಂತರೋ ಆ ಪುಟವನ್ನು ಮತ್ತೆ ಬರೆಯಬೇಕು.