ಬೀದಿಯ ಚಿತ್ರಕ್ಕೆ 25 ವರ್ಷದ ಬೀಗ

ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯದೆ, ಸೊಂಟದ ಮಟ್ಟದಲ್ಲೇ ಇಟ್ಟುಕೊಂಡು ಬೀದಿಯ ಚಿತ್ರ ತೆಗೆಯುವವರನ್ನೆಲ್ಲ ಕಳ್ಳರ ಸಾಲಿಗೆ ಸೇರಿಸುವುದು ತಪ್ಪು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದ ಮೇಲಂತೂ ‘ಕೇಳದೆ ತೆಗೆದರೆ ಅಪರಾಧ’ ಎಂದು ತೀರ್ಪು ಕೊಡುವುದು ಬಲು ಸಲೀಸು. ಕ್ಯಾಮೆರಾ ಎಲ್ಲಿತ್ತು ಎಂದು ಕೇಳಿ ಪ್ರಯೋಜನವಿಲ್ಲ. ಚಿತ್ರ ಎಷ್ಟು ಬೇಗ, ಯಾರ ಕೈಗೆ ಸೇರಿತು ಎಂದು ಕೇಳಬೇಕು.

ಬಾದಾಮಿಯ ಬನಶಂಕರಿ ಜಾತ್ರೆಯನ್ನೇ ನೋಡಿ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಗಡಿಗೆಯಲ್ಲಿ ಮೊಸರು, ಕೆಂಪು ಚಟ್ನಿ ಇಟ್ಟುಕೊಂಡು ಕೂತ ಹೆಂಗಸಿನೆದುರು ಕ್ಯಾಮೆರಾ ಕಣ್ಣಿಗೇರಿದರೆ ಸಾಕು, ಬಡಿಸುವ ಕೈ ನಿಲ್ಲುತ್ತದೆ, ಸೆರಗು ತಲೆಗೇರುತ್ತದೆ. ಕೆಲಸದ ಚಿತ್ರ ಬೇಕೆಂದು ಹೋದವನಿಗೆ ಸಿಗುವುದು ಬರೀ ಪೋಸು. ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನ ಕಣ್ಣು ನಿಂತವರ ಸೊಂಟದ ಎತ್ತರಕ್ಕಿರುತ್ತದೆ. ಅಲ್ಲಿ ಸೊಂಟದ ಕ್ಯಾಮೆರಾ ಅವನನ್ನು ಸರಿಸಮನಾಗಿ ನೋಡುತ್ತದೆ. ಕಣ್ಣಿಗೇರಿದ ಕ್ಯಾಮೆರಾ ಅವನ ನೆತ್ತಿ ನೋಡುತ್ತದೆ.

ಸೊಂಟದಿಂದ ತೆಗೆಯುವುದು ಕುರುಡು ಅದೃಷ್ಟವೂ ಅಲ್ಲ. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 28 ಎಂಎಂ ಲೆನ್ಸ್ ಹಾಕಿ, ಎಫ್/8ರಲ್ಲಿ 3.3 ಮೀಟರಿಗೆ ಫೋಕಸ್ ಕಟ್ಟಿದರೆ ಸುಮಾರು 1.6 ಮೀಟರಿನಿಂದ ಹಿಡಿದು ಬಾದಾಮಿಯ ಗುಡ್ಡದವರೆಗೆ ಎಲ್ಲವೂ ಸ್ಪಷ್ಟ. ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೊಗ್ರಾಂಡ್ ಇದನ್ನು ಒಪ್ಪುತ್ತಿರಲಿಲ್ಲ, ಚೌಕಟ್ಟಿನ ಹಿಡಿತ ತಪ್ಪುತ್ತದೆ ಎನ್ನುತ್ತಿದ್ದರು. ಅದು ಕಸುಬಿನ ಜಗಳ, ನೀತಿಯದ್ದಲ್ಲ.

ನೀತಿಯ ಜಗಳಕ್ಕೆ ಬೇಕಾದ ಅಂಕಿ ಬೇರೆ ಇದೆ: 25. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಎದುರು ಕೂತವರ ಚಿತ್ರ ತೆಗೆದರು. ಕಾಂಟ್ಯಾಕ್ಸ್ ಕ್ಯಾಮೆರಾದ ಹೊಳೆಯುವ ಭಾಗಕ್ಕೆ ಕಪ್ಪು ಬಳಿದು ಕೋಟಿನೊಳಗೆ ಇಟ್ಟರು. ಗುಂಡಿಗಳ ನಡುವೆ ಲೆನ್ಸಷ್ಟೇ ಇಣುಕುತ್ತಿತ್ತು, ಶಟರ್ ಒತ್ತುವ ಕೇಬಲ್ಲು ತೋಳಿನೊಳಗಿಂದ ಅಂಗೈಗೆ ಬರುತ್ತಿತ್ತು. ಇದಕ್ಕಿಂತ ಕದ್ದು ತೆಗೆಯುವುದು ಇನ್ನೇನಿದೆ? ಆದರೂ ಅವು ‘ಮೆನಿ ಆರ್ ಕಾಲ್ಡ್’ ಎಂಬ ಪುಸ್ತಕವಾಗಿ ಬಂದದ್ದು 1966ರಲ್ಲಿ. ಲೇಖಕ ಜೇಮ್ಸ್ ಏಜಿ 1940ರಲ್ಲೇ ಮುನ್ನುಡಿ ಬರೆದುಕೊಟ್ಟಿದ್ದರು; ಪುಸ್ತಕ ಬರುವ ಹೊತ್ತಿಗೆ ಅವರೇ ಇರಲಿಲ್ಲ. ನಡುವೆ ಕೆಲವು ಚಿತ್ರಗಳಷ್ಟೇ ಪತ್ರಿಕೆಗಳಲ್ಲಿ ಬಂದವು. ಇವಾನ್ಸರ ಕೋಟನ್ನು ವರ್ಣಿಸುವವರು ಬಹಳ. ಆ ಕಾಲು ಶತಮಾನದ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಈಗ ನಮ್ಮ ರೈಲಿಗೆ ಬನ್ನಿ. 2025ರ ಮೇನಲ್ಲಿ ಬೆಂಗಳೂರಿನ ‘ನಮ್ಮ ಮೆಟ್ರೊ’ದಲ್ಲಿ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಾಗದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆ ಬಯಲಿಗೆ ಬಂತು. 5,000ಕ್ಕೂ ಹೆಚ್ಚು ಮಂದಿ ಅದನ್ನು ಹಿಂಬಾಲಿಸುತ್ತಿದ್ದರು. ಪೊಲೀಸರು ಒಬ್ಬನನ್ನು ಬಂಧಿಸಿದರು. ಅಲ್ಲೂ ರೈಲು, ಅಲ್ಲೂ ಮುಚ್ಚಿಟ್ಟ ಕ್ಯಾಮೆರಾ. ಉದ್ದೇಶದ ಅಂತರ ಕಣ್ಣಿಗೆ ಕಾಣುವಂಥದ್ದೇ, ಆದರೆ ಉದ್ದೇಶವನ್ನು ಅಳೆಯಲು ಮಾಪಕವಿಲ್ಲ. ಕಾಲವನ್ನು ಅಳೆಯಬಹುದು. ಹುನಗುಂದದಲ್ಲಿ ಬಸ್ಸು ಹತ್ತಿದ ಹುಡುಗಿ ಇಳಕಲ್ಲಿನಲ್ಲಿ ಇಳಿಯುವ ಮೊದಲೇ ಅವಳ ಚಿತ್ರ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಬಂದಿರಬಲ್ಲದು. ಅವಳಿಗೆ ಕೆಡುಕಾಗುವುದು ಶಟರ್ ಬಿದ್ದ ಗಳಿಗೆಯಲ್ಲಲ್ಲ, ಆ ಹದಿನೈದಿಪ್ಪತ್ತು ನಿಮಿಷದಲ್ಲಿ.

ಕಾದರೆ ಒಪ್ಪಿಗೆ ಕೇಳಿದಂತಾಗುತ್ತದೆಯೇ? ಇಲ್ಲ. ಇವಾನ್ಸರ ಪ್ರಯಾಣಿಕರನ್ನು 1966ರಲ್ಲೂ ಯಾರೂ ಕೇಳಲಿಲ್ಲ. ತೆಗೆದದ್ದು ಗೊತ್ತಾಗಿ ಬೇಡವೆಂದವರ ಚಿತ್ರವನ್ನು ಅಲ್ಲೇ ಅಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಮುಖಕ್ಕೂ ಮುಂಗಡ ಒಪ್ಪಿಗೆ ಎಂದು ಹಟ ಹಿಡಿದರೆ ಬಾಗಲಕೋಟೆಯ ಹೋಳಿ ಬಂಡಿಗಳ ಒಂದು ಚಿತ್ರವೂ ಉಳಿಯದು. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ 519.6ರಿಂದ 524.256 ಮೀಟರಿಗೆ ಏರಿದರೆ ಹಳೇ ಬಾಗಲಕೋಟೆಯ ಇನ್ನಷ್ಟು ಭಾಗ ಮುಳುಗಡೆಯಾಗುತ್ತದೆ. ಆ ಓಣಿಗಳಲ್ಲಿ ಜನ ಹೇಗೆ ನಡೆದಾಡುತ್ತಿದ್ದರು ಎಂದು ಆಮೇಲೆ ತೋರಿಸುವುದು ಪರಿಹಾರದ ಕಡತಗಳಲ್ಲ.

ಕಾಯ್ದೆಯಲ್ಲಿ ದಾರಿ ಇದೆ, ಓದುವ ತಾಳ್ಮೆ ಬೇಕಷ್ಟೆ. 3ನೇ ಸೆಕ್ಷನ್ ವೈಯಕ್ತಿಕ ಮತ್ತು ಮನೆಬಳಕೆಯನ್ನು ಹೊರಗಿಟ್ಟಿದೆ. 17ನೇ ಸೆಕ್ಷನ್ ಸಂಶೋಧನೆ ಮತ್ತು ದಾಖಲೆ ಸಂಗ್ರಹಕ್ಕೆ ಷರತ್ತಿನ ವಿನಾಯಿತಿ ಕೊಟ್ಟಿದೆ. ಪತ್ರಿಕೋದ್ಯಮಕ್ಕೆ 2018ರ ಶ್ರೀಕೃಷ್ಣ ಸಮಿತಿಯ ಕರಡಿನಲ್ಲಿದ್ದ ವಿನಾಯಿತಿ 2023ರ ಕಾಯ್ದೆಯಲ್ಲಿ ಇಲ್ಲವಾದ್ದರಿಂದ ಈ ಸಂಗ್ರಹದ ಬಾಗಿಲಿನ ಬೆಲೆ ಇನ್ನೂ ಹೆಚ್ಚು. ರಾಜ್ಯ ಪತ್ರಾಗಾರ ಇಲಾಖೆ ಬೀದಿ ಛಾಯಾಗ್ರಾಹಕರ ಚಿತ್ರಗಳನ್ನು ಊರು, ತಾರೀಖು ಸಮೇತ ಠೇವಣಿ ಪಡೆದು, 25 ವರ್ಷ ಮುಚ್ಚಿಡುವ ಕರಾರಿಗೆ ಸಹಿ ಹಾಕಿಸಿಕೊಳ್ಳಲಿ. ನಿಯಮಗಳ ಮುಖ್ಯ ಭಾಗ ಜಾರಿಗೆ ಬರುವುದು 2027ರ ಮೇನಲ್ಲಿ; ಅದಕ್ಕೂ ಮೊದಲು ಬಾಗಲಕೋಟೆಯಿಂದ ಈ ಕೆಲಸ ಶುರುವಾಗಬೇಕು.