ಕೂಲಿ ಅನ್ನಿಸಿಕೊಳ್ಳಲು ನಾಚುವವರಿಗೆ

‘ಸುಮ್ನೆ ಹೇಳ್ದೆ ಗುರು, ಮನಸ್ಸಿಗೆ ಹಚ್ಕೋಬೇಡ’ ಎಂಬ ಮಾತಿಗಿಂತ ಅಪಾಯದ ಮಾತು ಈ ಬೆಂಗಳೂರಿನಲ್ಲಿ ಇನ್ನೊಂದಿಲ್ಲ. ಜಾತಿ ಈಗ ಶಾಸ್ತ್ರ ಹೇಳುವವನ ಬಾಯಿಗಾಗಿ ಕಾಯುತ್ತಾ ಕೂತಿಲ್ಲ. ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡು, ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ಅವತ್ತಿನ ಸುದ್ದಿಯ ಮೇಲೆ ಸುಮ್ಮನೆ ಒಂದು ಮಾತು ಎಸೆದು ಹೋಗುತ್ತದೆ.

ಬಸವೇಶ್ವರನಗರದ ಹಾವನೂರು ಸರ್ಕಲ್ಲಿನ ಸುತ್ತ ಸಂಜೆ ಹೊತ್ತು ನಿಂತವರಿಗೆ ಈ ಮಾತುಗಳು ಹೊಸವಲ್ಲ. ವೈಟ್‌ಫೀಲ್ಡಿನಿಂದ ಮೆಟ್ರೊದಲ್ಲಿ ವಿಜಯನಗರಕ್ಕೆ ಬಂದಿಳಿದು, ಅಲ್ಲಿಂದ ಬಸ್ಸೋ ಆಟೋನೋ ಹಿಡಿದು ಮನೆ ಸೇರುವ ಸಾಫ್ಟ್‌ವೇರ್ ನೌಕರ ಇಲ್ಲಿ ಹತ್ತು ನಿಮಿಷ ನಿಲ್ಲುತ್ತಾನೆ. ದಣಿದಿರುತ್ತಾನೆ. ಅವನ ಸಿಟ್ಟಿನಲ್ಲಿ ಸುಳ್ಳಿಲ್ಲ. ‘ವಾರಕ್ಕೆ 70 ಗಂಟೆ ದುಡೀಬೇಕಂತೆ, ಇವರಪ್ಪನ ಮನೆ ಆಳಾ ನಾವು?’ ಅಂತಾನೆ. ‘ಎಐ ಬಂತು ಮಗಾ, ನಮ್ಮ ಕಥೆ ಇನ್ನೆರಡು ವರ್ಷ ಅಷ್ಟೆ’ ಅಂತಾನೆ. ‘ಬೆಂಗಳೂರಲ್ಲಿ ಕನ್ನಡದವನಿಗೇ ಕೆಲಸ ಇಲ್ಲ, ಮೀಸಲಾತಿ ಬೇಕು’ ಅಂತಾನೆ. ಟೀ ಲೋಟ ಕೆಳಗಿಡುವುದರೊಳಗೆ ‘ಈ ರಿಸರ್ವೇಶನ್ನಿಂದಲೇ ದೇಶ ಕೆಟ್ಟಿದ್ದು, ನಮ್ಮ ಫೀಲ್ಡಲ್ಲಿ ಜಾತಿಗೀತಿ ಇಲ್ಲ, ಬರೀ ಮೆರಿಟ್ಟು’ ಅಂತಾನೆ. ಹಂಗಾದರೆ ಒಂದು ಯೂನಿಯನ್ ಸೇರಿಕೊಳ್ರಪ್ಪಾ ಅಂದರೆ ನಗುತ್ತಾನೆ: ‘ನಾವೇನ್ ಫ್ಯಾಕ್ಟ್ರಿ ಕೂಲಿಗಳಾ?’

ಗೆಳೆಯರೇ, ಈ ಐದು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೊನೆಯ ಎರಡು ಮಾತು ಮೊದಲ ಮೂರು ಮಾತುಗಳ ಕತ್ತು ಹಿಸುಕುತ್ತಿವೆ. ಹಿಸುಕುತ್ತಿರುವ ಕೈ ತನ್ನದೇ ಎಂಬುದು ಅವನಿಗೆ ಕಾಣುತ್ತಿಲ್ಲ.

ಕನ್ನಡಿಗರ ಮೀಸಲಾತಿಯಿಂದಲೇ ಶುರುಮಾಡೋಣ. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ದಿಮೆಗಳ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದ ಹುದ್ದೆಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ. ನಮ್ಮ ಸಾಫ್ಟ್‌ವೇರ್ ಗೆಳೆಯ ಕುಣಿದಾಡಿದ. ಆಗ ಅವನು ಕೊಟ್ಟ ಸಮರ್ಥನೆ ಕೇಳಿ: ‘ಹಳ್ಳಿ ಕಡೆ ಹುಡುಗರಿಗೆ ಇಂಗ್ಲಿಷ್ ಸಲೀಸಾಗಿ ಬರಲ್ಲ, ಇಂಟರ್‌ವ್ಯೂನಲ್ಲಿ ತಡವರಿಸ್ತಾರೆ. ಒಳಗೆ ಬಿಟ್ಕೊಂಡ್ರೆ ಕಲಿತಾರೆ. ಅವಕಾಶನೇ ಕೊಡದೆ ಯೋಗ್ಯತೆ ಇಲ್ಲ ಅಂದ್ರೆ ಹೆಂಗೆ?’ ಎಂಥಾ ಸರಿಯಾದ ಮಾತು! ಕೇರಿಯವರು ಇಷ್ಟು ವರ್ಷ ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ ಅಲ್ಲವೇ? ತಾನು ನಿಂತು ಟೀ ಕುಡಿಯುವ ಸರ್ಕಲ್ಲಿಗೆ ಯಾರ ಹೆಸರಿಟ್ಟಿದ್ದಾರೆ ಅಂತ ಅವನು ಯಾವತ್ತಾದರೂ ವಿಚಾರಿಸಿದ್ದಾನಾ? ಎಲ್.ಜಿ. ಹಾವನೂರು. ದೇವರಾಜ ಅರಸು ಸರ್ಕಾರ 1972ರಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು. 1975ರಲ್ಲಿ ವರದಿ ಕೊಟ್ಟವರು. ಅವಕಾಶ ಮೊದಲು, ಯೋಗ್ಯತೆಯ ಲೆಕ್ಕ ಆಮೇಲೆ ಎಂಬ ನ್ಯಾಯಕ್ಕಾಗಿ ನಡೆದ ಹೋರಾಟದಲ್ಲಿ ಆ ಹೆಸರು ಬೆರೆತಿದೆ.

ಮಸೂದೆ ಏನಾಯಿತು? ಉದ್ಯಮಪತಿಗಳು ಎದ್ದರು, ಅವರ ಸಂಘ ನಾಸ್ಕಾಂ ಎದ್ದಿತು. ಕೌಶಲ ಇರುವವರು ಸಿಗುವುದಿಲ್ಲ, ಕಂಪನಿಗಳು ಊರು ಬಿಡಬೇಕಾದೀತು ಎಂದರು. ಕೆಲವೇ ದಿನಗಳೊಳಗೆ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ನಮ್ಮ ಗೆಳೆಯ ಪೆಚ್ಚಾದ. ಪೆಚ್ಚಾಗುವಂಥದ್ದು ಏನಿತ್ತು? ಮೆರಿಟ್ಟು ಎಂಬ ಮಚ್ಚನ್ನು ಇಷ್ಟು ವರ್ಷ ಕೇರಿಯ ಕಡೆ ತಿರುಗಿಸಿ ಮಸೆದವನು ಅವನೇ. ಧಣಿ ಅದನ್ನೇ ಇಸಕೊಂಡು ಅವನ ಕತ್ತಿಗಿಟ್ಟ.

ಈ ಮೆರಿಟ್ಟು ಯಾರ ಹೊಲದಲ್ಲಿ ಬೆಳೆಯಿತು ಅಂತಲೂ ಕೇಳೋಣ. ಬೆಂಗಳೂರಿಗೆ 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಊರಿಗೆ ಇಂಜಿನಿಯರುಗಳ ಊರು ಎಂಬ ಹೆಸರು ತಂದದ್ದು ಇವು. ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ವರ್ಷಾನುಗಟ್ಟಲೆ ಆದಾಯ ತೆರಿಗೆ ಬಿಟ್ಟಿದ್ದು ಕೇಂದ್ರ ಸರ್ಕಾರ. ಇದೆಲ್ಲ ಯಾರ ದುಡ್ಡು? ಬೆಂಕಿಪೊಟ್ಟಣಕ್ಕೂ ಬೀಡಿಗೂ ತೆರಿಗೆ ಕಟ್ಟಿದವರ ದುಡ್ಡು. ನೀರು ಹೊತ್ತವರು ನಾವು, ಫಸಲಿಗೆ ‘ನನ್ನ ಸ್ವಂತ ಪ್ರತಿಭೆ’ ಅಂತ ಬೋರ್ಡು ಹಾಕಿಕೊಂಡವರು ಬೇರೆ.

ಆ ಸರ್ಕಾರಿ ಕಾರ್ಖಾನೆಗಳಲ್ಲಿ ಮೀಸಲಾತಿ ಇತ್ತು, ಯೂನಿಯನ್ನೂ ಇತ್ತು. 1980ರ ಕೊನೆಯಿಂದ 1981ರ ಮಾರ್ಚಿನವರೆಗೆ ಅಲ್ಲಿನ ಕಾರ್ಮಿಕರು 77 ದಿನ ಮುಷ್ಕರ ಹೂಡಿ ನಿಂತರು. ಅದೇ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಹುಟ್ಟಿತು, 1983ರಲ್ಲಿ ಬೆಂಗಳೂರಿಗೆ ಬಂತು. ಆಮೇಲಿನ ನಲವತ್ತು ವರ್ಷ ನೋಡಿ. ಮೀಸಲಾತಿ ಇದ್ದ ಕಡೆ ಕೆಲಸ ಕರಗುತ್ತಾ ಹೋಯಿತು, ಇಲ್ಲದ ಕಡೆ ಬೆಳೆಯುತ್ತಾ ಹೋಯಿತು. ನಾಡಿಗೆಲ್ಲ ಗಡಿಯಾರ ಕಟ್ಟಿದ ಎಚ್‌ಎಂಟಿ ವಾಚಸ್ಸನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ನಮ್ಮ ಮನೆಗಳ ಮೊದಲ ತಲೆಮಾರು ಡಿಗ್ರಿ ಹಿಡಿದುಕೊಂಡು ಪಟ್ಟಣಕ್ಕೆ ಬಂದಾಗ ಸರ್ಕಾರಿ ಬಾಗಿಲಿಗೆ ಬೀಗ. ಖಾಸಗಿ ಬಾಗಿಲಲ್ಲಿ ‘ಇಲ್ಲಿ ಜಾತಿ ಇಲ್ಲ’ ಎಂಬ ಫಲಕ.

ಇಲ್ಲವಾ? 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ ಸಾವಿರಾರು ಅರ್ಜಿ ಕಳಿಸಿದರು. ಓದಿನಲ್ಲಿ, ಅನುಭವದಲ್ಲಿ ಸರಿಸಮ. ಬೇರೆಯಿದ್ದದ್ದು ಹೆಸರು. ಮೇಲ್ಜಾತಿಯ ಹೆಸರಿಗೆ ಮರುಕರೆ ಬರುವ ಸಾಧ್ಯತೆ ಒಂದು ರೂಪಾಯಿ ಅಂದುಕೊಂಡರೆ ದಲಿತ ಹೆಸರಿಗೆ ಸಿಕ್ಕಿದ್ದು 67 ಪೈಸೆ, ಮುಸ್ಲಿಮ್ ಹೆಸರಿಗೆ 33 ಪೈಸೆ. ಅರ್ಜಿದಾರ ಬಾಯಿ ಬಿಡುವ ಮುಂಚೆಯೇ ಅವನ ಹೆಸರು ಪರೀಕ್ಷೆಗೆ ಕೂತು ಫೇಲಾಗಿತ್ತು.

ಕಡಲು ದಾಟಿದರೆ ಜಾತಿ ಕೆಡುತ್ತದೆ ಅಂತ ಹಿಂದೆ ಮಡಿವಂತರು ಹೆದರುತ್ತಿದ್ದರು. ಈಗ ನೋಡಿದರೆ ಜಾತಿಯೇ ಪಾಸ್‌ಪೋರ್ಟ್ ಮಾಡಿಸಿಕೊಂಡು ವಿಮಾನ ಹತ್ತಿದೆ. 2020ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೊಂದು ಸಿಸ್ಕೋ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ದಲಿತ ಇಂಜಿನಿಯರೊಬ್ಬರನ್ನು ಭಾರತದವರೇ ಆದ ಮೇಲಧಿಕಾರಿಗಳು ಜಾತಿಯ ಕಾರಣಕ್ಕೆ ಹಿಂದಕ್ಕೆ ತಳ್ಳಿದರು ಎಂಬುದು ಆರೋಪ. ಕಂಪನಿ ಅಲ್ಲಗಳೆಯಿತು. ಇಬ್ಬರು ಅಧಿಕಾರಿಗಳ ಮೇಲಿನ ದೂರನ್ನು 2023ರಲ್ಲಿ ಇಲಾಖೆಯೇ ಕೈಬಿಟ್ಟಿತು. ಸರಿ. ಆದರೆ ಆ ದೂರು ಬಾಯಿ ತೆರೆಸಿದ ಮೇಲೆ ಎಷ್ಟು ಬಾಯಿಗಳು ತೆರೆದವು! 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಲ್ಲೇ ನಿಷೇಧಿಸಿತು. ಇಲ್ಲದ ರೋಗಕ್ಕೆ ಯಾರಾದರೂ ಔಷಧಿ ಅರೆಯುತ್ತಾರಾ?

ಅಷ್ಟು ದೂರ ಯಾಕೆ? ನಮ್ಮ ಚಿಕ್ಕವ್ವ ಇಂಥದ್ದೇ ಒಂದು ಗಾಜಿನ ಕಟ್ಟಡದಲ್ಲಿ ನೆಲ ಒರೆಸುತ್ತಾಳೆ, ಕಕ್ಕಸು ತೊಳೆಯುತ್ತಾಳೆ. ಅವಳದು ಏಜೆನ್ಸಿ ಸಂಬಳ, ಬೇರೆ ಬಣ್ಣದ ಬಟ್ಟೆ, ಸಾಮಾನು ಸಾಗಿಸುವ ಲಿಫ್ಟು. ‘ಯಾರೂ ಕೆಟ್ಟೋರಲ್ಲ ಕಣಪ್ಪ, ಗುಡ್ ಮಾರ್ನಿಂಗ್ ಅಂತಾರೆ. ಆರು ವರ್ಷ ಆಯ್ತು, ಹೆಸರು ಮಾತ್ರ ಯಾರೂ ಕೇಳಿಲ್ಲ’ ಅಂತಾಳೆ. ಆ ಕಟ್ಟಡದಲ್ಲಿ ಕೋಡು ಬರೆಯುವವರ ಪಟ್ಟಿ ತೆಗೆಯಿರಿ, ಕಕ್ಕಸು ತೊಳೆಯುವವರ ಪಟ್ಟಿ ತೆಗೆಯಿರಿ. ಊರು ಯಾವುದು, ಕೇರಿ ಯಾವುದು ಅಂತ ಹಳ್ಳಿಯ ಮೂರನೇ ಕ್ಲಾಸಿನ ಮಗು ಕೂಡ ಹೇಳುತ್ತದೆ.

ಎಐ ಸುದ್ದಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿತು. 2017ರ ಮಾರ್ಚಿನಲ್ಲಿ ಇದೇ ಬೆಂಗಳೂರಿನ ಸಿ.ವಿ. ರಾಮನ್ ನಗರದ ಹತ್ತಿರ, ಕಗ್ಗದಾಸಪುರದಲ್ಲಿ, ಮ್ಯಾನ್‌ಹೋಲಿನೊಳಗೆ ಮೂವರು ಉಸಿರುಕಟ್ಟಿ ಸತ್ತರು. ನೊಬೆಲ್ ವಿಜ್ಞಾನಿಯ ಹೆಸರಿನ ಬಡಾವಣೆ. ಯಂತ್ರ ನನ್ನ ಕೆಲಸ ಕಿತ್ತುಕೊಳ್ಳುತ್ತೆ ಅಂತ ನಮ್ಮ ಗೆಳೆಯ ನಿದ್ದೆಗೆಡುತ್ತಾನೆ. ಯಂತ್ರ ಬಂದು ಈ ಕೆಲಸ ಕಿತ್ತುಕೊಳ್ಳಲಿ ಅಂತ ಕಾದು ಕೂತ ಜನ ಇದ್ದಾರೆ. ಯಾವ ಕೆಲಸಕ್ಕೆ ಮೊದಲು ಯಂತ್ರ ಬರಬೇಕು ಎಂಬುದನ್ನು ವಿಜ್ಞಾನ ತೀರ್ಮಾನಿಸುವುದಿಲ್ಲ. ದುಡ್ಡು ತೀರ್ಮಾನಿಸುತ್ತದೆ, ಜಾತಿ ತಲೆಯಾಡಿಸುತ್ತದೆ.

ಈಗ ‘ನಾವೇನ್ ಕೂಲಿಗಳಾ’ ಎಂಬ ಮಾತಿಗೆ ಬರೋಣ. ಕೈಯಲ್ಲಿ ದುಡಿಯುವವನು ಕೀಳು, ತಲೆಯಲ್ಲಿ ದುಡಿಯುವವನು ಮೇಲು ಎಂಬುದು ಮನುವಿನ ಪಾಠ. ನಮ್ಮ ಗೆಳೆಯ ಕಾರ್ಡು ಕಟ್ಟಿಕೊಂಡು ಅದನ್ನೇ ಒಪ್ಪಿಸುತ್ತಾನೆ. ಈ ಪಾಠದ ಬೆಲೆ ಎಷ್ಟು ಗೊತ್ತಾ? ಕೆಲಸದ ಹೊತ್ತು, ರಜೆ, ಕೆಲಸದಿಂದ ತೆಗೆಯುವ ಕ್ರಮ, ಇವನ್ನೆಲ್ಲ ಬರೆದು ಗೊತ್ತುಪಡಿಸಬೇಕು ಎನ್ನುವ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯ್ತಿ ಕೊಟ್ಟಿತು. 2014ರಲ್ಲಿ ಐದು ವರ್ಷ, 2019ರಲ್ಲಿ ಐದು ವರ್ಷ, 2024ರಲ್ಲಿ ಮತ್ತೆ ಐದು ವರ್ಷ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆಯೇ ಹೋಯಿತು. ಹೊಸದರಲ್ಲಿ 300ಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಸ್ಥಾಯಿ ಆದೇಶ ಕಡ್ಡಾಯವಿಲ್ಲ. ಕಾಮಾಕ್ಷಿಪಾಳ್ಯದ ಲೇತಿನ ಮುಂದೆ ನಿಲ್ಲುವ ಹುಡುಗನಿಗೆ ಕಾನೂನು ಕಾಗದದ ಮೇಲಾದರೂ ಇತ್ತು. ಏಸಿ ರೂಮಿನವನಿಗೆ ಕಾಗದವೂ ಇರಲಿಲ್ಲ. ಅವನು ಕೂಲಿ ಅಲ್ಲವಲ್ಲ!

ಹೀಗಿರುವಾಗ 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು 70 ಗಂಟೆ ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಸುದ್ದಿಯಾಯಿತು. ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದೂ ಅವರು ಕೇಳಿದ್ದರು. 90 ಗಂಟೆ ದುಡಿಯುವವನಿಗೆ ಅನ್ನ ಬೇಯಿಸುವ ಕೈ ಯಾರದು ಸ್ವಾಮಿ? ಅದೇ ವರ್ಷ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಿಂದ 300ಕ್ಕೂ ಹೆಚ್ಚು ತರಬೇತಿ ಹುಡುಗ ಹುಡುಗಿಯರನ್ನು ಹೊರಗೆ ಕಳಿಸಲಾಯಿತು. ಒಳಗಿನ ಪರೀಕ್ಷೆಯಲ್ಲಿ ಮೂರು ಸಲವೂ ಪಾಸಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ತೆಗೆಯುವುದಾಗಿ ಹೇಳಿತು. ಎಲ್ಲ ಕಡೆ ಒಂದೇ ಪದ: ನಿನಗೆ ಯೋಗ್ಯತೆ ಸಾಲದು. ನಮ್ಮ ತಾತಂದಿರು ಕೇಳಿದ ಪದ ಅದು. ಈಗ ಇಂಗ್ಲಿಷಿನಲ್ಲಿ ಟೈಪಾಗಿ ಇವರ ಕೈಗೂ ಬಂದಿದೆ.

70 ಗಂಟೆಗೆ ಕಾಯಕದ ಹೆಸರು ಹೇಳುವವರೂ ಈ ಬಡಾವಣೆಯಲ್ಲಿದ್ದಾರೆ, ಬಸವೇಶ್ವರನ ಹೆಸರಿನ ಬಡಾವಣೆಯಲ್ಲವೇ! ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಜ್ಞಾಪಿಸಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಒಳಗೆ ಬಿಟ್ಟುಕೊಂಡಳಾ? ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸ್ಸು ಕಳಿಸಿದಳು. ಕಾಯಕಕ್ಕೆ ಮಿತಿ ಇತ್ತು, ಮಾನ ಇತ್ತು. ಮಿತಿ ಕಿತ್ತುಹಾಕಿ, ಲಾಭ ತಾನಿಟ್ಟುಕೊಂಡು, ದಣಿವನ್ನು ಮಾತ್ರ ಆಳಿಗೆ ಬಿಡುವುದಕ್ಕೆ ಹಳ್ಳಿಯಲ್ಲಿ ಬೇರೆ ಹೆಸರಿದೆ. ಅದನ್ನು ಜೀತ ಅಂತಾರೆ.

ಈ ಸಾಫ್ಟ್‌ವೇರ್ ಗೆಳೆಯ ನಮ್ಮ ಶತ್ರು ಅಂತ ನಾನು ಬರೆಯುತ್ತಿಲ್ಲ. ಅವನ ಬೆನ್ನಿಗೂ ನೋವಿದೆ. 2017ರಲ್ಲಿ ನೋಂದಣಿಯಾದ ಕರ್ನಾಟಕದ ಐಟಿ ನೌಕರರ ಯೂನಿಯನ್ ಇದೆ. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸಲು ದಾರಿ ಮಾಡುವ ಪ್ರಸ್ತಾಪ ಬಂದಾಗ ಬೀದಿಗಿಳಿದು ವಿರೋಧಿಸಿದವರು ಅದರವರು. ಅವನು ಅಲ್ಲಿಗೆ ಹೋಗಲಿ. ಹೋಗುವಾಗ ಚಿಕ್ಕವ್ವನ ಹೆಸರು ಕೇಳಿಕೊಂಡು, ಅವಳನ್ನೂ ಕರೆದುಕೊಂಡು ಹೋಗಲಿ. ಒಂದೇ ಕಟ್ಟಡದಲ್ಲಿ ದುಡಿಯುವವರಿಗೆ ಒಂದೇ ಸಂಘ ಯಾಕಿರಬಾರದು? ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಬೇಕೆಂಬ ನಮ್ಮ ಕೂಗಿಗೆ ಅವನ ದನಿ ಯಾಕೆ ಸೇರಬಾರದು?

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಮುಂದೆ ಕೂತ ಮಕ್ಕಳು ನಾಳೆ ಈ ಊರಿಗೇ ಬರುವವರು. ಅವರಿಗೆ ಕಂಪ್ಯೂಟರ್ ಕಲಿಸಿ, ಇಂಗ್ಲಿಷ್ ಕಲಿಸಿ. ಜೊತೆಗೆ ಸಂಬಳಕ್ಕೆ ದುಡಿಯುವವರೆಲ್ಲ ಕೂಲಿಗಳೇ, ಅದರಲ್ಲಿ ನಾಚುವಂಥದ್ದು ಏನೂ ಇಲ್ಲ ಎಂಬುದನ್ನೂ ಕಲಿಸಿ. ವಿದ್ಯಾರ್ಥಿ ಗೆಳೆಯರೇ, ಯಾರಾದರೂ ಮೆರಿಟ್ಟಿನ ಮಾತೆತ್ತಿ ‘ಸುಮ್ನೆ ಹೇಳ್ದೆ’ ಅಂದಾಗ ಸುಮ್ಮನಿರಬೇಡಿ. ಕೂರಿಸಿಕೊಂಡು ಲೆಕ್ಕ ಕೇಳಿ.